ಜಾಯ್‌ಸ್ಟಿಕ್ ಕೈಮಾತು ಕೇಳಬೇಕಾದರೆ: ಆರ್ಕೇಡ್ ಸ್ಟಿಕ್ ಬಿಚ್ಚಿ ಸುಧಾರಿಸುವ ಬಗೆ

ಒಂದು ರೂಪಾಯಿ ಕಾಯಿನ್ ಹಾಕಿ 'ಮುಸ್ತಫಾ ಗೇಮ್' ಆಡಿದವರಿಗೆ ಒಂದು ವಿಷಯ ಗೊತ್ತೇ ಇರುತ್ತದೆ. ಮುಂದಕ್ಕೆ ಎರಡು ಸಲ ಪಟಪಟನೆ ತಳ್ಳಿದರೆ ಮುಸ್ತಫಾ ಓಡಬೇಕು. ಒಂದು ಮಷಿನ್‌ನಲ್ಲಿ ಓಡುತ್ತಿದ್ದ, ಪಕ್ಕದ ಮಷಿನ್‌ನಲ್ಲಿ ನಡೆಯುತ್ತಿದ್ದ. ಆ ಆಟದ ನಿಜವಾದ ಹೆಸರು ಕ್ಯಾಡಿಲ್ಯಾಕ್ಸ್ ಆ್ಯಂಡ್ ಡೈನೋಸಾರ್ಸ್. 1993ರಲ್ಲಿ ಕ್ಯಾಪ್‌ಕಾಮ್ ತಂದಿದ್ದು. ಎರಡೂ ಮಷಿನ್‌ನಲ್ಲಿ ಇದ್ದದ್ದು ಅದೇ ಗೇಮ್. ವ್ಯತ್ಯಾಸ ಇದ್ದದ್ದು ಸ್ಟಿಕ್‌ನಲ್ಲಿ.

ಈಗ ಕಾಯಿನ್ ಅಂಗಡಿಗಳು ಹೋಗಿವೆ. ಬಳ್ಳಾರಿ, ಹೊಸಪೇಟೆ, ಗಂಗಾವತಿ, ರಾಯಚೂರು ಕಡೆಯ ಹುಡುಗರು ಯುಎಸ್‌ಬಿ ಆರ್ಕೇಡ್ ಸ್ಟಿಕ್ ತರಿಸಿಕೊಂಡು ಮನೆಯಲ್ಲೇ ಟೆಕ್ಕನ್, ಕಿಂಗ್ ಆಫ್ ಫೈಟರ್ಸ್ ಆಡುತ್ತಾರೆ. ಕೆಲವರು ಪ್ಲೈವುಡ್ ಡಬ್ಬಿ ಮಾಡಿಸಿ ತಾವೇ ಜೋಡಿಸುತ್ತಾರೆ. ಸ್ವಲ್ಪ ದಿನ ಆದ ಮೇಲೆ ಎಲ್ಲರದ್ದೂ ಒಂದೇ ದೂರು: ಸ್ಟಿಕ್ ಸಡಿಲ, ಮೂಲೆ (ಎರಡು ದಿಕ್ಕಿನ ನಡುವಿನ ಓರೆ ದಿಕ್ಕು) ಬೀಳಲ್ಲ, ಕೈಗೆ ಸಿಗಲ್ಲ. ಕೂಡಲೇ ಎರಡು-ಮೂರು ಸಾವಿರ ಕೊಟ್ಟು ಹೊಸದು ಆರ್ಡರ್ ಮಾಡುವುದು. ನನ್ನ ಪ್ರಕಾರ ಹೆಚ್ಚಿನ ಸಲ ಅದು ಬೇಕಿಲ್ಲ. ಸ್ಟಿಕ್ ಬಿಚ್ಚಿ ಧೂಳು ತೆಗೆದು, ಒಂದು ಗಟ್ಟಿ ಸ್ಪ್ರಿಂಗ್ ಹಾಕಿದರೆ ಮುಕ್ಕಾಲು ಕೆಲಸ ಮುಗಿಯುತ್ತದೆ. ಉಳಿದದ್ದು ನಿಮ್ಮ ಕೈಯ ರುಚಿಗೆ ಬಿಟ್ಟದ್ದು.

ಮೊದಲು ರೋಗ ಏನು ಅಂತ ನೋಡಿ

ಸ್ಕ್ರೂಡ್ರೈವರ್ ಹಿಡಿಯುವ ಮುಂಚೆ ಸ್ಟಿಕ್ ಅನ್ನು ಕಂಪ್ಯೂಟರ್‌ಗೆ ಹಚ್ಚಿ. ವಿಂಡೋಸ್ ಇದ್ದರೆ ರನ್ ಬಾಕ್ಸ್‌ನಲ್ಲಿ 'ಜಾಯ್ ಡಾಟ್ ಸಿಪಿಎಲ್' ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಗೇಮ್ ಕಂಟ್ರೋಲರ್ ಕಿಟಕಿ ತೆರೆಯುತ್ತದೆ. ಅದರಲ್ಲಿ ನಿಮ್ಮ ಸ್ಟಿಕ್ ಆರಿಸಿ ಪ್ರಾಪರ್ಟೀಸ್ ಒತ್ತಿ. ಈಗ ಕೋಲನ್ನು ನಿಧಾನಕ್ಕೆ ಒಂದು ಸುತ್ತು ತಿರುಗಿಸಿ. ಎಂಟೂ ದಿಕ್ಕು ಸಾಲಾಗಿ ಬರಬೇಕು. ಮೂಲೆ ಬರದೆ ನೇರವಾಗಿ ಕೆಳಗಿನಿಂದ ಮುಂದಕ್ಕೆ ಹಾರಿದರೆ ಅಲ್ಲಿ ಸಮಸ್ಯೆ ಇದೆ ಅಂತ ಅರ್ಥ.

ಆಮೇಲೆ ಕೋಲನ್ನು ಒಂದು ಕಡೆ ಎಳೆದು ಥಟ್ಟನೆ ಕೈಬಿಡಿ. ನಡುವಿಗೆ ಬಂದು ನಿಲ್ಲಬೇಕು. ಕೆಲವು ಸ್ಟಿಕ್‌ಗಳು ನಡುವನ್ನು ದಾಟಿ ಆ ಕಡೆಯ ಸ್ವಿಚ್ಚನ್ನೂ ಒಂದು ಕ್ಷಣ ಒತ್ತಿಬಿಡುತ್ತವೆ. ನೀವು ಹಿಂದೆ ಒತ್ತಿ ಬಿಟ್ಟಿದ್ದೀರಿ, ಗೇಮಿಗೆ ಮುಂದೆ ಅಂತ ಹೋಗುತ್ತದೆ. ಹಿಂದೆ ಒತ್ತಿ ಬ್ಲಾಕ್ ಮಾಡುತ್ತಿದ್ದವನು, ಅಂದರೆ ಏಟು ತಡೆಯುತ್ತಿದ್ದವನು, ಸುಮ್ನೆ ಏಟು ತಿನ್ನುತ್ತಾನೆ, ತಪ್ಪು ಯಾರದ್ದು ಅಂತಲೂ ಗೊತ್ತಾಗುವುದಿಲ್ಲ.

ಸ್ಟಿಕ್ 'ಚೆನ್ನಾಗಿಲ್ಲ' ಅನ್ನುವುದರೊಳಗೆ ಮೂರು ಬೇರೆ ಬೇರೆ ವಿಷಯ ಇವೆ. ಒಂದು, ಬಿಗಿ: ಕೋಲು ತಳ್ಳಲು ಎಷ್ಟು ಬಲ ಬೇಕು, ಎಷ್ಟು ಬೇಗ ನಡುವಿಗೆ ವಾಪಸ್ ಬರುತ್ತದೆ. ಇದು ಸ್ಪ್ರಿಂಗ್ ಕೆಲಸ. ಎರಡು, ನಡುವಿನಿಂದ ಎಷ್ಟು ದೂರ ಹೋದರೆ ಸ್ವಿಚ್ 'ಟಕ್' ಅನ್ನುತ್ತದೆ. ಇದು ಶಾಫ್ಟ್ (ಕೋಲಿನ ಲೋಹದ ಕಂಬಿ) ಕೆಳತುದಿಯಲ್ಲಿ ಸ್ವಿಚ್ಚನ್ನು ಒತ್ತುವ ಪ್ಲಾಸ್ಟಿಕ್ ತುಂಡಿನ, ಅಂದರೆ ಆಕ್ಚುಯೇಟರ್ ಕೆಲಸ. ಮೂರು, ಸ್ವಿಚ್ ಒತ್ತಿದ ಮೇಲೂ ಕೋಲು ಇನ್ನೆಷ್ಟು ದೂರ ಹೋಗಿ ಅಂಚಿಗೆ ತಾಗುತ್ತದೆ. ಇದು ಕೋಲಿನ ಓಡಾಟಕ್ಕೆ ಅಂಚು ಕಟ್ಟುವ ಚೌಕಟ್ಟಿನ, ಅಂದರೆ ಗೇಟ್ ಕೆಲಸ. ನಿಮ್ಮ ದೂರು ಈ ಮೂರರಲ್ಲಿ ಯಾವುದು ಅಂತ ಹೇಳಲು ಬಂದರೆ ಯಾವ ಪಾರ್ಟ್ ಮುಟ್ಟಬೇಕು ಅನ್ನುವುದು ತಾನಾಗಿಯೇ ತಿಳಿಯುತ್ತದೆ.

ನಿಮ್ಮ ಹತ್ತಿರ ಇರುವುದು ಯಾವ ಜಾತಿ

ಜಪಾನಿ ಮಾದರಿಯಲ್ಲಿ ಹೆಸರುವಾಸಿ ಎರಡು: ಸಾನ್ವಾ ಕಂಪನಿಯ ಜೆಎಲ್ಎಫ್, ಸೇಮಿತ್ಸು ಕಂಪನಿಯ ಎಲ್ಎಸ್-32. ಮೇಲೆ 35 ಮಿ.ಮೀ. ದುಂಡು ಗುಂಡು, ಕೆಳಗೆ ಚೌಕ ಗೇಟ್. ಆನ್‌ಲೈನ್‌ನಲ್ಲಿ ಕಡಿಮೆ ಬೆಲೆಗೆ ಸಿಗುವ ಚೀನಾ ಸ್ಟಿಕ್‌ಗಳಲ್ಲಿ ಬಹಳಷ್ಟು ಜೆಎಲ್ಎಫ್‌ನ ನಕಲು. ಅಮೆರಿಕದ ಹ್ಯಾಪ್ ಮಾದರಿಗೆ ಗುಂಡಿನ ಬದಲು ಉದ್ದನೆಯ ಹಿಡಿ ಇರುತ್ತದೆ, ತಳ್ಳಲು ಜಾಸ್ತಿ ಬಲ ಬೇಕು. ಕೊರಿಯಾ ಮಾದರಿಯಲ್ಲಿ ಸ್ಪ್ರಿಂಗೇ ಇಲ್ಲ, ಅದರ ಜಾಗದಲ್ಲಿ ರಬ್ಬರ್ ಬುಷ್. ಟೆಕ್ಕನ್ ಆಡುವವರಿಗೆ ಅದು ಪ್ರಾಣ.

ಹಳೆ ಗುಜರಿಯಿಂದ ತಂದ ಮಷಿನ್ ಆಗಿದ್ದರೆ ಮೈಕ್ರೋಸ್ವಿಚ್ (ಟಕ್ ಅನ್ನುವ ಸಣ್ಣ ಡಬ್ಬಿ ಸ್ವಿಚ್) ಬದಲು ಎರಡು ಲೋಹದ ಪಟ್ಟಿ ಇರಬಹುದು. ಕೋಲು ಬಾಗಿದಾಗ ಪಟ್ಟಿಗಳು ಒಂದಕ್ಕೊಂದು ತಾಗುತ್ತವೆ. ಅದನ್ನು ಸುಧಾರಿಸುವುದು ಬಹಳ ಸುಲಭ. ಪಟ್ಟಿಯ ತುದಿಯನ್ನು ನೋಸ್ ಪ್ಲೈಯರ್‌ನಲ್ಲಿ ಸ್ವಲ್ಪ ಬಗ್ಗಿಸಿ ಹತ್ತಿರ ತಂದರೆ ಬೇಗ ತಾಗುತ್ತದೆ, ದೂರ ಮಾಡಿದರೆ ತಡವಾಗಿ ತಾಗುತ್ತದೆ. ಅಷ್ಟೇ.

ಹಳೆ ಮಷಿನ್ ಅಂದ ಮೇಲೆ ಒಂದು ಎಚ್ಚರಿಕೆ. ಅದರೊಳಗೆ ಮನೆಯ 230 ವೋಲ್ಟ್ ಕರೆಂಟ್ ಇರುತ್ತದೆ. ಪಿಕ್ಚರ್ ಟ್ಯೂಬ್ ಇದ್ದರೆ, ಸ್ವಿಚ್ ಆಫ್ ಮಾಡಿ ಪ್ಲಗ್ ಕಿತ್ತ ಮೇಲೂ ಟ್ಯೂಬಿನಲ್ಲಿ ಸಾವಿರಾರು ವೋಲ್ಟ್ ಉಳಿದಿರಬಹುದು. ಸ್ಟಿಕ್ ಇರುವ ಪ್ಯಾನೆಲ್ ಮಾತ್ರ ಬಿಚ್ಚಿ ಹೊರಗೆ ತನ್ನಿ, ಟ್ಯೂಬಿನ ಹಿಂದೆ ಕೈ ಹಾಕಬೇಡಿ. ಯುಎಸ್‌ಬಿ ಸ್ಟಿಕ್‌ನಲ್ಲಿ ಇರುವುದು 5 ವೋಲ್ಟ್ ಮಾತ್ರ, ಭಯ ಇಲ್ಲ. ಆದರೂ ಕೇಬಲ್ ಕಿತ್ತೇ ಬಿಚ್ಚಿ.

ಬಿಚ್ಚುವುದು

ಬೇಕಾದದ್ದು: ಒಂದು ಸ್ಟಾರ್ ಸ್ಕ್ರೂಡ್ರೈವರ್, ಎರಡು ಚಪ್ಪಟೆ ಸ್ಕ್ರೂಡ್ರೈವರ್, ನೋಸ್ ಪ್ಲೈಯರ್, ಕಿವಿಗೆ ಹಾಕುವ ಹತ್ತಿ ಕಡ್ಡಿ, ಸ್ಕ್ರೂ ಹಾಕಿಡಲು ಒಂದು ಬಟ್ಟಲು. ಮೊಬೈಲ್ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ. ಒಂದೊಂದು ಪಾರ್ಟ್ ತೆಗೆಯುವ ಮುಂಚೆಯೂ ಒಂದು ಫೋಟೋ. ವಾಪಸ್ ಜೋಡಿಸುವಾಗ ವಾಷರ್ ಮೊದಲಾ, ಕಾಲರ್ ಮೊದಲಾ ಅಂತ ತಲೆ ಕೆರೆದುಕೊಳ್ಳುವ ಕೆಲಸ ಇರುವುದಿಲ್ಲ.

ಮುಂದಿನ ಕ್ರಮ ಜೆಎಲ್ಎಫ್ ಮತ್ತು ಅದರ ನಕಲುಗಳಿಗೆ ಹೊಂದುತ್ತದೆ. ಬೇರೆ ಜಪಾನಿ ಸ್ಟಿಕ್‌ಗಳಲ್ಲೂ ಸುಮಾರು ಹೀಗೇ ಇರುತ್ತದೆ.

1. ಡಬ್ಬಿಯ ತಳ ತೆಗೆಯಿರಿ. ಶಾಫ್ಟ್‌ನ ಕೆಳತುದಿಯಲ್ಲಿ ಒಂದು ಸೀಳು ಕಾಣುತ್ತದೆ. ಅದಕ್ಕೆ ಚಪ್ಪಟೆ ಸ್ಕ್ರೂಡ್ರೈವರ್ ಕೊಟ್ಟು ಅಲುಗಾಡದಂತೆ ಹಿಡಿದು, ಮೇಲಿನ ಗುಂಡನ್ನು ಎಡಕ್ಕೆ ತಿರುಗಿಸಿ. ಗುಂಡು ಬರದೆ ಬರೀ ಶಾಫ್ಟ್ ಸುತ್ತುತ್ತಿದ್ದರೆ ಕೆಳಗಿನ ಹಿಡಿತ ಸಡಿಲ ಅಂತ ಅರ್ಥ.

2. ಐದು ವೈರಿನ ಕನೆಕ್ಟರ್ ಕೀಳಿ. ವೈರ್ ಹಿಡಿದು ಎಳೆಯಬೇಡಿ, ಪ್ಲಾಸ್ಟಿಕ್ ಹಿಡಿದು ಎಳೆಯಿರಿ. ಮೌಂಟಿಂಗ್ ಪ್ಲೇಟಿನ ಸ್ಕ್ರೂ ಬಿಚ್ಚಿ ಸ್ಟಿಕ್ ಹೊರಗೆ ತನ್ನಿ.

3. ತಲೆಕೆಳಗು ಮಾಡಿ. ಮೇಲೆ ಕಾಣುವ ಚೌಕ ಪ್ಲಾಸ್ಟಿಕ್ಕೇ ಗೇಟ್. ಅಂಚಿನ ಕ್ಲಿಪ್‌ಗಳನ್ನು ಒತ್ತಿದರೆ ಬಿಡುತ್ತದೆ. ಅದರ ಕೆಳಗೆ ನಾಲ್ಕು ಮೈಕ್ರೋಸ್ವಿಚ್ ಇರುವ ಬೋರ್ಡ್. ಅದನ್ನು ಎತ್ತಿಡಿ.

4. ಈಗ ಶಾಫ್ಟ್ ತುದಿಯಲ್ಲಿ ಸಣ್ಣ ಇ-ಕ್ಲಿಪ್ (ಇಂಗ್ಲಿಷ್ E ಆಕಾರದ ಲೋಹದ ಕ್ಲಿಪ್) ಕಾಣುತ್ತದೆ. ಆಕ್ಚುಯೇಟರ್ ಅನ್ನು ಬೆರಳಿನಿಂದ ಒತ್ತಿ ಹಿಡಿದು, ಸ್ಕ್ರೂಡ್ರೈವರ್ ತುದಿಯಿಂದ ಕ್ಲಿಪ್ ಅನ್ನು ಪಕ್ಕಕ್ಕೆ ತಳ್ಳಿ. ಇದನ್ನು ಒಂದು ದೊಡ್ಡ ಪ್ಲಾಸ್ಟಿಕ್ ಕವರಿನೊಳಗೆ ಕೈ ಇಟ್ಟು ಮಾಡಿದರೆ ಒಳ್ಳೆಯದು. ಕ್ಲಿಪ್ ಹಾರಿದರೆ ಹುಡುಕಿಕೊಡುವವರು ಯಾರೂ ಇಲ್ಲ.

5. ಕ್ಲಿಪ್ ಬಂತು ಅಂದರೆ ಆಕ್ಚುಯೇಟರ್, ಸ್ಪ್ರಿಂಗ್ ಕೆಳಗಿನಿಂದ ಬರುತ್ತವೆ. ಶಾಫ್ಟ್ ಮೇಲಿನಿಂದ ಜಾರುತ್ತದೆ. ಶಾಫ್ಟ್ ನಡುವೆ ಇರುವ ದುಂಡನೆಯ ಭಾಗ ಪಿವಟ್. ಕೋಲು ತಿರುಗುವುದು ಅದರ ಮೇಲೆ.

ಧೂಳು: ನಮ್ಮ ಕಡೆಯ ಮುಖ್ಯ ಶತ್ರು

ಬೇರೆ ಊರಿನವರು ಬರೆದ ಸಲಹೆಗಳಲ್ಲಿ ಕ್ಲೀನಿಂಗ್‌ಗೆ ಒಂದು ಸಾಲು ಇರುತ್ತದೆ. ನಮ್ಮ ಕಡೆಗೆ ಅಷ್ಟು ಸಾಲದು. ಸಂಡೂರು, ತೋರಣಗಲ್ಲು ಕಡೆ ಅದಿರು ಲಾರಿ ಓಡಾಡುವ ರಸ್ತೆ ಪಕ್ಕ ಮನೆ ಇದ್ದವರಿಗೆ ಗೊತ್ತು, ಬೆಳಿಗ್ಗೆ ಒರೆಸಿದ ಟೇಬಲ್ ಸಂಜೆಗೆ ಮತ್ತೆ ಕೆಂಪು. ಆ ಕೆಂಪು ಕಬ್ಬಿಣದ ಆಕ್ಸೈಡ್. ಅಕ್ಕಸಾಲಿಗರು ಒಡವೆಗೆ ಹೊಳಪು ಕೊಡಲು ಬಳಸುವ ಕೆಂಪು ಪುಡಿಯೂ ಅದೇ. ಅಂದರೆ ಪಿವಟ್ ಮೇಲೆ ಗ್ರೀಸ್ ಜೊತೆ ಅದಿರು ಧೂಳು ಸೇರಿದರೆ ಅದು ಉಜ್ಜುವ ಪೇಸ್ಟ್ ಆಗುತ್ತದೆ. ಆಡಿದಷ್ಟೂ ಪ್ಲಾಸ್ಟಿಕ್ ಸವೆಯುತ್ತದೆ. ಕೋಲು ನಡುವಿನಲ್ಲಿ ಲೊಡಲೊಡ ಅನ್ನಲು ಶುರುವಾಗುವುದು ಹೀಗೆ. ಒಮ್ಮೆ ಸವೆದ ಪಿವಟ್ ಅನ್ನು ಯಾವ ಗ್ರೀಸೂ ಸರಿ ಮಾಡುವುದಿಲ್ಲ, ಹೊಸದೇ ಹಾಕಬೇಕು.

ಆದ್ದರಿಂದ ಹಳೆ ಗ್ರೀಸ್ ಪೂರ್ತಿ ತೆಗೆಯಿರಿ. ಮೊದಲು ಒಣ ಬಟ್ಟೆ, ಆಮೇಲೆ ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಹತ್ತಿ ಕಡ್ಡಿ. ಮೊಬೈಲ್ ರಿಪೇರಿ ಅಂಗಡಿಯವರು ಬೋರ್ಡ್ ತೊಳೆಯಲು ಇದನ್ನೇ ಇಟ್ಟಿರುತ್ತಾರೆ. ಪೇಂಟ್ ಥಿನ್ನರ್, ಪೆಟ್ರೋಲ್ ಬೇಡವೇ ಬೇಡ. ಥಿನ್ನರ್ ತಾಗಿದರೆ ಈ ಪ್ಲಾಸ್ಟಿಕ್ ಕರಗಿ ಅಂಟಂಟಾಗುತ್ತದೆ.

ಪೂರ್ತಿ ಒಣಗಿದ ಮೇಲೆ ಸಿಲಿಕೋನ್ ಗ್ರೀಸ್. ಜಪಾನಿ ಸ್ಟಿಕ್ ಬಿಚ್ಚುವವರು ಹೆಚ್ಚಾಗಿ ಶಿನ್-ಎತ್ಸು ಕಂಪನಿಯ ಗ್ರೀಸ್ ಹೆಸರು ಹೇಳುತ್ತಾರೆ. ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ಹಾರ್ಡ್‌ವೇರ್ ಅಂಗಡಿಯಲ್ಲಿ ಪ್ಲಂಬರ್‌ಗಳು ನಲ್ಲಿಗೆ ಹಚ್ಚುವ ಸಿಲಿಕೋನ್ ಗ್ರೀಸ್ ಕೇಳಿ. ಪಿವಟ್‌ಗೆ ಸಾಸಿವೆ ಕಾಳಿನಷ್ಟು ಸಾಕು. ತೆಳ್ಳಗೆ ಸವರಿ, ಉಳಿದದ್ದನ್ನು ಒರೆಸಿಬಿಡಿ. ಜಾಸ್ತಿ ಹಚ್ಚಿದರೆ ಧೂಳನ್ನು ಕರೆದು ಕೂರಿಸಿಕೊಂಡಂತೆ.

ಬಳ್ಳಾರಿಯಲ್ಲಿ ಇನ್ನೊಂದು ಆಸೆ ಹುಟ್ಟುತ್ತದೆ. ಜೀನ್ಸ್ ಹೊಲಿಯುವ ಊರು, ಓಣಿಗೊಂದು ಹೊಲಿಗೆ ಮಷಿನ್. ಮಷಿನ್ ಎಣ್ಣೆ ಕೈಗೆ ಸಿಗುವ ಹಾಗೆ ಇರುತ್ತದೆ. ಎರಡು ಹನಿ ಬಿಟ್ಟರೆ ಏನಾಗುತ್ತೆ ಅನ್ನಿಸುತ್ತದೆ, ಅಲ್ವಾ? ಆ ಎಣ್ಣೆ ತೀರಾ ತೆಳು. ಏಪ್ರಿಲ್-ಮೇ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಆಗ ಇನ್ನೂ ತೆಳುವಾಗಿ ಶಾಫ್ಟ್ ಹಿಡಿದು ಕೆಳಗಿಳಿಯುತ್ತದೆ. ಕೆಳಗಿರುವುದು ಮೈಕ್ರೋಸ್ವಿಚ್. ಎಣ್ಣೆ, ಧೂಳು ಎರಡೂ ಸ್ವಿಚ್ ಒಳಗೆ ಹೋದರೆ ಒಂದು ದಿಕ್ಕು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ ಅನ್ನುವ ಹಾಗಾಗುತ್ತದೆ. ಹೊಲಿಗೆ ಮಷಿನ್ ಅಂಗಡಿಯಿಂದ ತರಬೇಕಾದದ್ದು ಎಣ್ಣೆ ಅಲ್ಲ, ಸ್ಪ್ರಿಂಗ್.

ಮೇಲ್ಗಡೆ ಗುಂಡಿನ ಕೆಳಗೆ ಇರುವ ಪ್ಲಾಸ್ಟಿಕ್ ಬಿಲ್ಲೆ ಅಲಂಕಾರಕ್ಕೆ ಇಟ್ಟದ್ದಲ್ಲ. ಧೂಳು ತಡೆಯುವುದು ಅದೇ. ಕಳೆದುಹೋಗಿದ್ದರೆ ಹಳೆ ಸಿ.ಡಿ. ಕತ್ತರಿಸಿಯಾದರೂ ಒಂದು ಮಾಡಿ ಹಾಕಿ.

ಸ್ಪ್ರಿಂಗ್ ಬದಲಿಸುವುದು

ಜೆಎಲ್ಎಫ್ ಜೊತೆ ಬರುವ ಸ್ಪ್ರಿಂಗ್ ಮೆತ್ತಗೆ. ಸುಮಾರು 0.9 ಪೌಂಡ್ ಅನ್ನುತ್ತಾರೆ, ಅಂದರೆ 400 ಗ್ರಾಂ ಆಸುಪಾಸು. ಬೇರೆಯಾಗಿ ಮಾರುವ ಗಟ್ಟಿ ಸ್ಪ್ರಿಂಗ್‌ಗಳು 2 ಪೌಂಡ್‌ನಿಂದ 4 ಪೌಂಡ್‌ವರೆಗೆ ಸಿಗುತ್ತವೆ. ಸೇಮಿತ್ಸು ಎಲ್ಎಸ್-32ರ ಸ್ಪ್ರಿಂಗ್ ತೆಗೆದು ಜೆಎಲ್ಎಫ್‌ಗೆ ಹಾಕುವುದು ಹಳೆಯ, ಎಲ್ಲರಿಗೂ ಗೊತ್ತಿರುವ ಉಪಾಯ. ಮೊದಲ ಸಲ ಬದಲಿಸುವವರು 2 ಪೌಂಡ್ ದಾಟಬೇಡಿ. 4 ಪೌಂಡ್ ಹಾಕಿ ಒಂದು ತಾಸು ಆಡಿದರೆ ಮಣಿಕಟ್ಟು ಹೇಳುತ್ತದೆ.

ಆನ್‌ಲೈನ್ ಕಾಯಲು ಮನಸ್ಸಿಲ್ಲದಿದ್ದರೆ ಹೊಲಿಗೆ ಮಷಿನ್ ಬಿಡಿಭಾಗ ಮಾರುವ ಅಂಗಡಿಗೆ ಹಳೆ ಸ್ಪ್ರಿಂಗ್ ಹಿಡಿದು ಹೋಗಿ. "ಅಣ್ಣಾ, ಇಷ್ಟೇ ಅಗಲ, ಇಷ್ಟೇ ಉದ್ದ, ತಂತಿ ಮಾತ್ರ ಒಂಚೂರು ದಪ್ಪ ಇರೋದು ನೋಡ್ರಿ" ಅಂದರೆ ಸಾಕು, ಡಬ್ಬಿಯೇ ಮುಂದೆ ಸುರಿಯುತ್ತಾರೆ. ಇ-ಕ್ಲಿಪ್ ಕಳೆದಿದ್ದರೆ ಅದಕ್ಕೂ ಅಲ್ಲೇ ಕೇಳಿ.

'ಒಂಚೂರು' ಅನ್ನುವುದನ್ನು ನಿಜವಾಗಿಯೂ ಒಂಚೂರು ಅಂತಲೇ ತಿಳಿಯಿರಿ. ಸ್ಪ್ರಿಂಗಿನ ಬಿಗಿ ತಂತಿಯ ದಪ್ಪದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತದೆ. ಉಳಿದದ್ದೆಲ್ಲ ಒಂದೇ ಇದ್ದು ತಂತಿ 0.7 ಮಿ.ಮೀ. ಬದಲು 0.8 ಆದರೆ ಬಿಗಿ ಸುಮಾರು 1.7 ಪಟ್ಟು. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ, ಕೈಗೆ ಮಾತ್ರ ಬೇರೆ. ಸುತ್ತುಗಳು ಕಡಿಮೆ ಇದ್ದರೂ ಬಿಗಿ ಜಾಸ್ತಿ.

ತಂದ ಸ್ಪ್ರಿಂಗ್ ಹಾಕಿದ ಮೇಲೆ ಒಂದು ಪರೀಕ್ಷೆ. ಕೋಲನ್ನು ಮೂಲೆಯ ತನಕ ತಳ್ಳಿ. ಗೇಟಿಗೆ ತಾಗುವ ಮುಂಚೆಯೇ ಗಟ್ಟಿಯಾಗಿ ನಿಂತರೆ ಸ್ಪ್ರಿಂಗಿನ ಸುತ್ತುಗಳು ಒಂದಕ್ಕೊಂದು ಅಂಟಿ ಕೂತಿವೆ ಅಂತ. ಉದ್ದ ಜಾಸ್ತಿ ಅಥವಾ ಸುತ್ತು ಜಾಸ್ತಿ. ಬೇರೆ ಹಾಕಿ. ಹಳೆ ಸ್ಪ್ರಿಂಗನ್ನೇ ಎಳೆದು ಉದ್ದ ಮಾಡುವವರಿದ್ದಾರೆ. ಒಂದು ವಾರ ಬಿಗಿ ಇದ್ದ ಹಾಗೆ ಅನ್ನಿಸುತ್ತದೆ, ಆಮೇಲೆ ಕುಗ್ಗುತ್ತದೆ. ಜೊತೆಗೆ ಒಂದೇ ಕಡೆ ವಾಲುತ್ತದೆ.

ಕೊರಿಯಾ ಸ್ಟಿಕ್ ಇದ್ದವರಿಗೆ ಈ ಭಾಗ ಬೇಡ. ಅವರು ಬದಲಿಸಬೇಕಾದದ್ದು ರಬ್ಬರ್ ಬುಷ್. ಬಿಸಿಲಿಗೆ, ವಯಸ್ಸಿಗೆ ರಬ್ಬರ್ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಮೆತ್ತಗಿನದು, ಗಟ್ಟಿಯದು ಎರಡೂ ಮಾರುತ್ತಾರೆ. ರಬ್ಬರ್‌ಗೆ ಗಾಡಿಯ ಗ್ರೀಸ್ ಹಚ್ಚಬೇಡಿ, ಊದಿಕೊಳ್ಳುತ್ತದೆ.

ಸ್ವಿಚ್ ಬೇಗ ತಾಗಬೇಕಾದರೆ

ಎರಡು ಸಲ ಪಟಪಟನೆ ತಳ್ಳುವ ಕೆಲಸ ಜಾಸ್ತಿ ಇರುವ ಆಟಗಳಲ್ಲಿ ನಿಜವಾದ ಬದಲಾವಣೆ ಕಾಣುವುದು ಇಲ್ಲಿ. ಆಕ್ಚುಯೇಟರ್ ದಪ್ಪ ಆದಷ್ಟೂ ಕೋಲು ಕಡಿಮೆ ಬಾಗಿದರೂ ಸ್ವಿಚ್ ಒತ್ತುತ್ತದೆ. ಮಾಮೂಲಿಗಿಂತ ಅರ್ಧ ಮಿ.ಮೀ., ಒಂದು ಮಿ.ಮೀ. ಹೆಚ್ಚು ದಪ್ಪದ ಆಕ್ಚುಯೇಟರ್‌ಗಳು ರೆಡಿಮೇಡ್ ಸಿಗುತ್ತವೆ. ಹಣ ಖರ್ಚು ಮಾಡುವ ಮುಂಚೆ ಎಲೆಕ್ಟ್ರಿಕಲ್ ಅಂಗಡಿಯಿಂದ ಹೀಟ್ ಶ್ರಿಂಕ್ ಟ್ಯೂಬ್ (ಬಿಸಿ ತಾಗಿದರೆ ಕುಗ್ಗುವ ಪ್ಲಾಸ್ಟಿಕ್ ಕೊಳವೆ) ತನ್ನಿ. ಆಕ್ಚುಯೇಟರ್ ಮೇಲೆ ಸರಿಯಾಗಿ ಜಾರುವ ಅಳತೆಯದ್ದು. ಸ್ವಿಚ್‌ಗೆ ತಾಗುವ ಭಾಗಕ್ಕೆ ಮಾತ್ರ ಒಂದು ತುಂಡು ತೊಡಿಸಿ, ಹೇರ್ ಡ್ರೈಯರ್ ಅಥವಾ ಸೋಲ್ಡರಿಂಗ್ ಐರನ್ನಿನ ಬಿಸಿ ದೂರದಿಂದ ಕೊಟ್ಟರೆ ಬಿಗಿಯಾಗಿ ಕೂರುತ್ತದೆ. ಬೆಂಕಿಕಡ್ಡಿ ಹಿಡಿಯಬೇಡಿ, ಒಳಗಿನ ಪ್ಲಾಸ್ಟಿಕ್ ವಕ್ರ ಆಗುತ್ತದೆ.

ಇನ್ಸುಲೇಶನ್ ಟೇಪ್ ಸುತ್ತಿದರೆ ಆಗಲ್ವಾ? ಪರೀಕ್ಷೆಗೆ ಆಗುತ್ತದೆ, ಬಾಳಿಕೆಗೆ ಇಲ್ಲ. ನಮ್ಮ ಬೇಸಿಗೆಗೆ ಟೇಪಿನ ಗೋಂದು ಮೆತ್ತಗಾಗಿ ಜಾರಿ ಸ್ವಿಚ್ ಗುಂಡಿಗೆ ಅಂಟುತ್ತದೆ. ಟೇಪಿನ ತುದಿ ಬರುವ ಕಡೆ ದಪ್ಪ ಜಾಸ್ತಿ ಆಗಿ ನಾಲ್ಕು ದಿಕ್ಕೂ ಒಂದೇ ಸಮ ಇರುವುದಿಲ್ಲ.

ಜೋಡಿಸಿದ ಮೇಲೆ ಕೋಲು ಮುಟ್ಟದೆ ಕಂಪ್ಯೂಟರ್‌ನಲ್ಲಿ ನೋಡಿ. ಯಾವ ದಿಕ್ಕೂ ಒತ್ತಿರಬಾರದು. ಆಮೇಲೆ ಮೊದಲಿನ ಹಾಗೆ ಎಳೆದು ಕೈಬಿಡುವ ಪರೀಕ್ಷೆ. ಆಕ್ಚುಯೇಟರ್ ದಪ್ಪ ಆದಷ್ಟೂ ನಡುವಿನ ಖಾಲಿ ಜಾಗ ಕಡಿಮೆ ಆಗುತ್ತದೆ. ಕೋಲು ವಾಪಸ್ ಬರುವಾಗ ಎದುರಿನ ಸ್ವಿಚ್ಚಿಗೆ ಬಡಿಯುವ ಸಾಧ್ಯತೆ ಹೆಚ್ಚು. ಹಾಗೆ ಆಗುತ್ತಿದ್ದರೆ ಒಂದು ಪದರ ಕಡಿಮೆ ಮಾಡಿ. ಸ್ಪ್ರಿಂಗ್, ಆಕ್ಚುಯೇಟರ್, ಗೇಟ್ ಮೂರನ್ನೂ ಒಂದೇ ದಿನ ಬದಲಿಸಬೇಡಿ ಅಂತ ನಾನು ಹೇಳುವುದು ಇದಕ್ಕೇ. ಏನಾದರೂ ಕೆಟ್ಟರೆ ಯಾವುದರಿಂದ ಕೆಟ್ಟಿತು ಅಂತ ಹಿಡಿಯಲು ಬರುವುದಿಲ್ಲ. ಒಂದು ಬದಲಿಸಿ, ನಾಲ್ಕು ದಿನ ಆಡಿ, ಆಮೇಲೆ ಮುಂದಿನದು.

ಗೇಟ್: ಚೌಕವೋ, ಎಂಟು ಮೂಲೆಯೋ

ಇದರ ಬಗ್ಗೆ ಜಗಳಗಳು ಮುಗಿಯುವುದಿಲ್ಲ. ಚೌಕ ಗೇಟಿನಲ್ಲಿ ಮೂಲೆಗೆ ತಳ್ಳಿದರೆ ಕೋಲು ಮೂಲೆಯಲ್ಲೇ ಕೂರುತ್ತದೆ. ಕೆಳಗೆ-ಹಿಂದೆ ಹಿಡಿದು ಕೂತು ಬ್ಲಾಕ್ ಮಾಡುವವರಿಗೆ ಇದಕ್ಕಿಂತ ಬೇರೆ ಬೇಡ. ಎಂಟು ಮೂಲೆ ಗೇಟಿನಲ್ಲಿ ಎಂಟೂ ದಿಕ್ಕಿಗೆ ಒಂದೊಂದು ಸಣ್ಣ ತಗ್ಗು ಕೈಗೆ ಸಿಗುತ್ತದೆ. ಜೆಎಲ್ಎಫ್‌ಗೆ ಜಿಟಿ-ವೈ ಅನ್ನುವ ಹೆಸರಿನಲ್ಲಿ ಸಾನ್ವಾದವರೇ ಕೊಡುತ್ತಾರೆ. ಹೊಸಬರಿಗೆ ಇದು ಮೊದಲ ದಿನವೇ ಹಿತ ಅನ್ನಿಸುತ್ತದೆ. ದುಂಡು ಗೇಟಿನಲ್ಲಿ ಯಾವ ಗುರುತೂ ಇಲ್ಲ. ಕೊರಿಯಾ ಸ್ಟಿಕ್‌ನವರು ರಬ್ಬರಿನ ಎಳೆತದಿಂದಲೇ ದಿಕ್ಕು ಅಳೆಯುತ್ತಾರೆ.

ನನ್ನ ಓಟು ಚೌಕಕ್ಕೆ. ಕಾರಣ ಇಷ್ಟೇ: ಸ್ವಿಚ್ ತಾಗಿದ ಮೇಲೆ ಕೋಲು ಅಂಚಿಗೆ ಒರಗಬೇಕಾಗಿಯೇ ಇಲ್ಲ. ಗೇಟನ್ನು ಉಜ್ಜಿಕೊಂಡು ಸುತ್ತುವ ಅಭ್ಯಾಸ ಇದ್ದವರಿಗೆ ಚೌಕ ಕಷ್ಟ, ಟಕ್ ಸದ್ದಿನ ಮೇಲೆ ಆಡುವವರಿಗೆ ಸುಲಭ. ಅಭ್ಯಾಸ ಬದಲಿಸುವುದಕ್ಕೆ ಹಣ ಬೇಕಿಲ್ಲ, ಗೇಟ್ ಬದಲಿಸುವುದಕ್ಕೆ ಬೇಕು.

ಪ್ಯಾಕ್-ಮ್ಯಾನ್, ಡಾಂಕಿ ಕಾಂಗ್ ಥರದ 1980-81ರ ಆಟಗಳದ್ದು ಬೇರೆ ಕಥೆ. ಅವು ನಾಲ್ಕೇ ದಿಕ್ಕಿನ ಆಟಗಳು. ಎಂಟು ದಿಕ್ಕಿನ ಸ್ಟಿಕ್‌ನಲ್ಲಿ ಆಡಿದರೆ ತಿರುವಿನಲ್ಲಿ ಮೂಲೆ ಒತ್ತಿ ಪ್ಯಾಕ್-ಮ್ಯಾನ್ ತಡವರಿಸುತ್ತಾನೆ. ಹಲವು ಸ್ಟಿಕ್‌ಗಳಲ್ಲಿ ಗೇಟನ್ನು 45 ಡಿಗ್ರಿ ತಿರುಗಿಸಿ ಹಾಕಲು ಬರುತ್ತದೆ. ಆಗ ಮೂಲೆಗಳು ನೇರ ದಿಕ್ಕಿಗೆ ಬಂದು ನಾಲ್ಕೇ ಉಳಿಯುತ್ತವೆ. ಪೈಸೆ ಖರ್ಚಿಲ್ಲ.

ಕೋಲು ಅಂಚಿಗೆ ಹೋಗುವ ದೂರ ಕಡಿಮೆ ಮಾಡಬೇಕಾದರೆ ಗೇಟಿನ ಒಳಗೋಡೆಗೆ ತೆಳು ಪ್ಲಾಸ್ಟಿಕ್ ಪಟ್ಟಿ ಅಂಟಿಸಬಹುದು. ನಾಲ್ಕೂ ಕಡೆ ಒಂದೇ ದಪ್ಪ ಇರಲಿ. ಹಳೆ ಎಟಿಎಂ ಕಾರ್ಡ್ 0.76 ಮಿ.ಮೀ. ದಪ್ಪ, ಎಲ್ಲ ಕಡೆ ಒಂದೇ ಸಮ, ಇದಕ್ಕೆ ಹೇಳಿ ಮಾಡಿಸಿದ್ದು. ಅಂಟಿಸಿದ ಮೇಲೆ ನಾಲ್ಕೂ ದಿಕ್ಕಿನಲ್ಲಿ, ನಾಲ್ಕೂ ಮೂಲೆಯಲ್ಲಿ ಸ್ವಿಚ್ ತಾಗುತ್ತಿದೆಯಾ ಅಂತ ನೋಡಿ. ಗೋಡೆ ತೀರಾ ಹತ್ತಿರ ಬಂದರೆ ಸ್ವಿಚ್ ಒತ್ತುವ ಮುಂಚೆಯೇ ಕೋಲು ನಿಂತುಬಿಡುತ್ತದೆ.

ಸ್ವಿಚ್ ಸತ್ತಿದ್ದರೆ

ಒಂದು ದಿಕ್ಕು ಬಿಟ್ಟು ಬಿಟ್ಟು ಬರುತ್ತಿದ್ದರೆ ಮಲ್ಟಿಮೀಟರ್ ಅನ್ನು ಬೀಪ್‌ಗೆ ಇಟ್ಟು ಆ ಸ್ವಿಚ್ ಒತ್ತಿ ನೋಡಿ. ಒತ್ತಿದಾಗೆಲ್ಲ ಬೀಪ್ ಬರಬೇಕು. ಬಿಡಿ ಸ್ವಿಚ್‌ಗಳಲ್ಲಿ ಮೂರು ಕಾಲು ಇರುತ್ತವೆ. ನಮಗೆ ಬೇಕಾದದ್ದು ಕಾಮನ್ ಮತ್ತು ಒತ್ತಿದಾಗ ಕೂಡುವ ಕಾಲು. ಮೂರನೆಯದ್ದಕ್ಕೆ ವೈರ್ ಹಚ್ಚಿದರೆ ಕೈಬಿಟ್ಟಾಗ ಒತ್ತಿದ ಹಾಗೆ ತೋರಿಸುತ್ತದೆ.

ಹ್ಯಾಪ್ ಥರದ ಸ್ಟಿಕ್‌ನಲ್ಲಿ ಸ್ವಿಚ್ ಬಿಚ್ಚಿ ಹಾಕುವುದು ಸುಲಭ. ಜೆಎಲ್ಎಫ್‌ನಲ್ಲಿ ನಾಲ್ಕೂ ಸ್ವಿಚ್ ಬೋರ್ಡಿಗೆ ಬೆಸೆದಿರುತ್ತವೆ. ಸೋಲ್ಡರಿಂಗ್ ಬರದಿದ್ದರೆ ಮೊಬೈಲ್ ಅಂಗಡಿಯವರ ಕೈಗೆ ಕೊಡಿ, ಅಥವಾ ಬೋರ್ಡೇ ಹೊಸದು ತನ್ನಿ. ಮೈಕ್ರೋವೇವ್ ಓವನ್ ಬಾಗಿಲಿನಲ್ಲಿರುವ ಸ್ವಿಚ್ ಇದೇ ಅಳತೆಯದ್ದು ಅಂತ ಯಾರಾದರೂ ಹೇಳಬಹುದು. ಅಳತೆ ಹೊಂದುತ್ತದೆ ನಿಜ. ಆದರೆ ಅದು 230 ವೋಲ್ಟ್‌ನಲ್ಲಿ ಜಾಸ್ತಿ ಆಂಪಿಯರ್ ಹಾಯಿಸಲು ಮಾಡಿದ್ದು. ನಮ್ಮ 5 ವೋಲ್ಟಿನ ಸಣ್ಣ ಕರೆಂಟಿಗೆ ಕಡಿಮೆ ಲೋಡಿನ ಸ್ವಿಚ್ ಇದ್ದರೆ ಬಹಳ ದಿನ ನಂಬಬಹುದು. ಗುಂಡಿ ಒತ್ತಲು ಬೇಕಾದ ಬಲವೂ ನಾಲ್ಕರಲ್ಲಿ ಒಂದೇ ಇರಲಿ. ಒಂದನ್ನು ಮಾತ್ರ ಬೇರೆ ಕಂಪನಿಯದ್ದು ಹಾಕಿದರೆ ಆ ದಿಕ್ಕು ಕೈಗೆ ಬೇರೆಯಾಗಿಯೇ ತಾಗುತ್ತದೆ.

ಡಬ್ಬಿ ಮತ್ತು ಬೋರ್ಡ್

ಸ್ಟಿಕ್ ಎಷ್ಟೇ ಚೆನ್ನಾಗಿರಲಿ, ಡಬ್ಬಿ ಟೇಬಲ್ ಮೇಲೆ ಜಾರುತ್ತಿದ್ದರೆ ಏನು ಪ್ರಯೋಜನ? ಗಟ್ಟಿ ಸ್ಪ್ರಿಂಗ್ ಹಾಕಿದ ಮೇಲೆ ಇದು ಇನ್ನೂ ಜಾಸ್ತಿ ಆಗುತ್ತದೆ. ಭಾರ ಬೇಕು. ಕೊಪ್ಪಳ, ಕುಷ್ಟಗಿ ಕಡೆ ಗ್ರಾನೈಟ್‌ಗೆ ಬರ ಇಲ್ಲ. ಕಲ್ಲು ಕೊಯ್ಯುವ ಕಡೆ ಉಳಿದ ತುಂಡು ಕೇಳಿದರೆ ಸುಮ್ನೆ ಕೊಟ್ಟಾರು. ಡಬ್ಬಿಯ ಒಳತಳಕ್ಕೆ ಸಿಲಿಕೋನ್ ಹಾಕಿ ಅಂಟಿಸಿ, ಹೊರಗಡೆ ರಬ್ಬರ್ ಶೀಟ್ ಹಚ್ಚಿ. ತೊಡೆಯ ಮೇಲೆ ಇಟ್ಟು ಆಡುವವರು ಮಾತ್ರ ಕಲ್ಲಿನ ಸಹವಾಸಕ್ಕೆ ಹೋಗಬೇಡಿ.

ಬಡಗಿ ಹತ್ತಿರ ಡಬ್ಬಿ ಮಾಡಿಸುವವರಿಗೆ ಒಂದು ಮಾತು. 18 ಮಿ.ಮೀ. ಪ್ಲೈವುಡ್ ಕೆಳಗೆ ಜೆಎಲ್ಎಫ್ ಹಚ್ಚಿದರೆ ಕೋಲು ಮೇಲೆ ತೀರಾ ಗಿಡ್ಡ ಆಗುತ್ತದೆ. ಕೈ ಪ್ಲೈವುಡ್ಡಿಗೆ ಉಜ್ಜುತ್ತದೆ. ಸ್ಟಿಕ್ ಕೂರುವ ಜಾಗದಲ್ಲಿ ಕೆಳಗಿನಿಂದ ರೂಟರ್ ಮಷಿನ್‌ನಲ್ಲಿ ತಗ್ಗು ಕೊರೆಸಿ. ಕೊರೆಸಲು ಆಗದಿದ್ದರೆ ಶಾಫ್ಟ್ ಉದ್ದ ಮಾಡುವ ಜೋಡಣೆ ಸಿಗುತ್ತದೆ. ಕೋಲು ಉದ್ದ ಆದರೆ ತಳ್ಳುವುದು ಹಗುರ, ಆದರೆ ಕೈ ಜಾಸ್ತಿ ದೂರ ಓಡಾಡಬೇಕು. ಹೊಸ ಸ್ಪ್ರಿಂಗಿನ ಬಿಗಿಯೂ ಅಷ್ಟರಮಟ್ಟಿಗೆ ಕಡಿಮೆ ಅನ್ನಿಸುತ್ತದೆ.

ಒಳಗಿನ ಯುಎಸ್‌ಬಿ ಬೋರ್ಡ್ 'ಝೀರೋ ಡಿಲೇ' ಅನ್ನುವ ಅಗ್ಗದ್ದಾಗಿರುವ ಸಾಧ್ಯತೆ ಹೆಚ್ಚು. ನೀವು ಒತ್ತಿದ್ದನ್ನು ಕಂಪ್ಯೂಟರ್‌ಗೆ ಕಳಿಸುವುದು ಈ ಬೋರ್ಡ್. ಹೆಸರಿನಲ್ಲಿ ಝೀರೋ ಇದೆ, ಕೆಲಸದಲ್ಲಿ ಇಲ್ಲ. ಒತ್ತಿದ್ದು ತಡವಾಗಿ ಬರುತ್ತಿದೆ ಅನ್ನಿಸಿದರೆ ರಾಸ್ಪ್‌ಬೆರಿ ಪೈ ಪಿಕೋ ಬೋರ್ಡ್ ತನ್ನಿ, ಕೆಲವೇ ನೂರು ರೂಪಾಯಿ. ಅದಕ್ಕೆ ಜಿಪಿ2040-ಸಿಇ ಅನ್ನುವ ಉಚಿತ ಫರ್ಮ್‌ವೇರ್ (ಬೋರ್ಡ್ ನಡೆಸುವ ಸಾಫ್ಟ್‌ವೇರ್) ಹಾಕಬಹುದು. ಬೋರ್ಡ್ ಮೇಲಿನ ಬೂಟ್‌ಸೆಲ್ ಗುಂಡಿ ಒತ್ತಿ ಹಿಡಿದು ಕಂಪ್ಯೂಟರ್‌ಗೆ ಹಚ್ಚಿದರೆ ಪೆನ್‌ಡ್ರೈವ್ ಥರ ಕಾಣುತ್ತದೆ. ಫೈಲನ್ನು ಎಳೆದು ಹಾಕಿದರೆ ಮುಗಿಯಿತು. ಸಾಮಾನ್ಯ ಪಿಕೋದಲ್ಲಿ ಮೇಲೆ, ಕೆಳಗೆ, ಬಲ, ಎಡಕ್ಕೆ ಕ್ರಮವಾಗಿ ಜಿಪಿ 2, 3, 4, 5ನೇ ಪಿನ್. ಸ್ಟಿಕ್‌ನ ಐದು ವೈರಿನಲ್ಲಿ ಒಂದು ಗ್ರೌಂಡ್, ನಾಲ್ಕು ದಿಕ್ಕು. ಗ್ರೌಂಡ್ ಯಾವುದು ಅಂತ ಬಣ್ಣ ನಂಬಬೇಡಿ, ನಕಲು ಸ್ಟಿಕ್‌ಗಳಲ್ಲಿ ಬಣ್ಣ ಹೇಗೆ ಬೇಕಾದರೂ ಇರಬಹುದು. ಮಲ್ಟಿಮೀಟರ್ ಹಿಡಿದು, ನಾಲ್ಕೂ ಸ್ವಿಚ್ಚಿಗೆ ಕೂಡುವ ವೈರ್ ಯಾವುದು ನೋಡಿ. ಮೇಲೆ ಒತ್ತಿದರೆ ಎಡ ಬರುತ್ತಿದ್ದರೆ ಗಾಬರಿ ಬೇಡ. ಸ್ಟಿಕ್ 90 ಡಿಗ್ರಿ ತಿರುಗಿ ಕೂತಿದೆ, ವೈರ್ ಅದಲು ಬದಲು ಮಾಡಿದರೆ ಸಾಕು.

ಜೋಡಿಸಿ ಆಡಿ ನೋಡುವುದು

ಬಿಚ್ಚಿದ ಫೋಟೋಗಳನ್ನು ಹಿಂದಿನಿಂದ ಮುಂದಕ್ಕೆ ನೋಡುತ್ತಾ ಜೋಡಿಸಿ. ಇ-ಕ್ಲಿಪ್ ತೋಡಿನಲ್ಲಿ ಪೂರ್ತಿ ಕೂತಿದೆಯಾ ಅಂತ ಎರಡು ಸಲ ನೋಡಿ. ಅರ್ಧ ಕೂತ ಕ್ಲಿಪ್ ಆಟದ ನಡುವೆ ಹಾರಿ, ಸ್ಪ್ರಿಂಗ್ ಡಬ್ಬಿಯೊಳಗೆ ಬೀಳುತ್ತದೆ.

ಪರೀಕ್ಷೆಗೆ ಟ್ರೈನಿಂಗ್ ಮೋಡ್ ಇರುವ ಯಾವುದೇ ಫೈಟಿಂಗ್ ಗೇಮ್ ತೆರೆದು ಇನ್‌ಪುಟ್ ಪಟ್ಟಿ (ನೀವು ಒತ್ತಿದ್ದನ್ನು ಪರದೆ ಮೇಲೆ ತೋರಿಸುವುದು) ಆನ್ ಮಾಡಿ. ಕೆಳಗೆ, ಮೂಲೆ, ಮುಂದೆ. ನಿಧಾನಕ್ಕೆ ಮಾಡಿ, ಆಮೇಲೆ ವೇಗವಾಗಿ ಮಾಡಿ. ಎರಡೂ ಬದಿಯಿಂದ ಮಾಡಿ. ಬಲಗಡೆ ನಿಂತಾಗ ಮಾತ್ರ ಮೂಲೆ ತಪ್ಪುತ್ತಿದ್ದರೆ ಆ ಕಡೆಯ ಸ್ವಿಚ್ ಅಥವಾ ಸ್ಟಿಕ್ ಒಳಗಿನ ಪಟ್ಟಿ ಕೊಂಚ ಹೆಚ್ಚುಕಡಿಮೆ ಇದೆ. ಎರಡೂ ಕಡೆ ತಪ್ಪುತ್ತಿದ್ದರೆ ಕೈ ಇನ್ನೂ ಹೊಸ ಬಿಗಿಗೆ ಒಗ್ಗಿಲ್ಲ, ಒಂದು ವಾರ ಬಿಡಿ. ಆಮೇಲೆ ಮುಂದಕ್ಕೆ ಎರಡು ಸಲ ತಳ್ಳಿ ಓಡುವುದು. ಇದರಲ್ಲಿ ನಡುವಿನ 'ಏನೂ ಒತ್ತಿಲ್ಲ' ಅನ್ನುವುದು ಪಟ್ಟಿಯಲ್ಲಿ ಸ್ಪಷ್ಟವಾಗಿ ಕಾಣಬೇಕು. ಕಾಣದಿದ್ದರೆ ಆಕ್ಚುಯೇಟರ್ ತೀರಾ ದಪ್ಪ ಆಗಿದೆ.

ಆಡದೇ ಇರುವಾಗ ಮೇಲೆ ಒಂದು ಬಟ್ಟೆ ಮುಚ್ಚಿಡಿ, ಕಿಟಕಿ ಬಿಸಿಲಿನಲ್ಲಿ ಇಡಬೇಡಿ. ರಸ್ತೆ ಪಕ್ಕದ ಮನೆಯಾದರೆ ಬೇಸಿಗೆ ಮುಗಿದ ಮೇಲೆ ಒಮ್ಮೆ ಬಿಚ್ಚಿ ಗ್ರೀಸ್ ಬದಲಿಸಿ. ತೆಗೆದ ಹಳೆ ಸ್ಪ್ರಿಂಗ್, ಹಳೆ ಗೇಟ್ ಬಿಸಾಡಬೇಡಿ. ಒಂದು ಜಿಪ್ ಕವರಿಗೆ ಹಾಕಿ, ಯಾವ ಸ್ಟಿಕ್‌ನದ್ದು ಅಂತ ಬರೆದು, ಡಬ್ಬಿಯ ಒಳಗೇ ಟೇಪ್ ಹಚ್ಚಿಡಿ. ಮಾರುವಾಗ ಕೊಳ್ಳುವವರು ಮೊದಲು ಕೇಳುವುದು ಅದನ್ನೇ.